ಪಂಚಮಿಗೆ ಕರೆಯಲು ಬಂದ ಗಾಡಿ

“ಏನಂದೀ? ಇನ್ನೊಮ್ಮೆ ಹೇಳು,” ಎಂದಳು ಗೌರಿಬಾಯಿ. ಶೇಂಗಾ ಉಂಡಿ ಕಟ್ಟುತ್ತಿದ್ದ ಕೈ ಅಲ್ಲೇ ನಿಂತಿತು.

ಪಕ್ಕದ ಮನೆಯ ವೀರೇಶ ರೈಲ್ವೆ ತಂತಿ ಎಳೆಯುವ ಕೆಲಸದವನು. ಕಟ್ಟಿದ ಉಂಡಿಯೊಂದನ್ನು ಬಾಯಿಗೆ ಹಾಕಿಕೊಂಡೇ ಹೇಳಿದ: “ಡೀಸೆಲ್ ಇಂಜಿನ್ ಕಾಲ ಮುಗೀತು ಆಯಿ. ಈಗ ನಮ್ಮ ಗಾಡಿ ಕರೆಂಟಿನ ಮ್ಯಾಲೆ ಓಡತೈತಿ. ಗಾಳಿದು, ಬಿಸಲಿಂದು, ಸೂಪಾ ಡ್ಯಾಮಿನ ನೀರಿಂದು, ಎಲ್ಲಾ ಬಂದು ತಂತ್ಯಾಗ ಕೂಡತೈತಿ.”

“ಸೂಪಾದ ನೀರಿಂದೂ ಅದರಾಗ ಐತಿ?”

“ಇರತೈತಿ. ಎಷ್ಟು ಅಂತ ಮಾತ್ರ ಕೇಳಬ್ಯಾಡ್ರಿ.”

ಎಷ್ಟು ಎನ್ನುವುದು ಗೌರಿಬಾಯಿಗೆ ಬೇಕೂ ಇರಲಿಲ್ಲ. ಆ ನೀರಿನ ಅಡಿಯಲ್ಲಿ ಅವಳ ತವರಿತ್ತು. ಮದುವೆಯಾಗಿ ಹಳಿಯಾಳದ ಕಡೆಯ ಈ ಹಳ್ಳಿಗೆ ಬಂದ ಮೇಲೆ ಅಣೆಕಟ್ಟು ತುಂಬಿ ಊರಿಗೆ ಊರೇ ಮುಳುಗಿತು. ಆದರೂ ಅಣ್ಣ ವಿಠ್ಠಲ ಪದ್ಧತಿ ಬಿಡಲಿಲ್ಲ. ಪ್ರತಿ ನಾಗರ ಪಂಚಮಿಗೆ ಬಂದು ತಂಗಿಯನ್ನು ಕರೆದೊಯ್ಯುವನು. ಗಣೇಶಗುಡಿಯ ಹತ್ತಿರ ದಂಡೆಯ ಮೇಲೆ ನಿಲ್ಲಿಸಿ, “ಅಗೋ, ಅಲ್ಲೈತಿ ನಮ್ಮ ಹೊಸ್ತಿಲ,” ಎಂದು ಬೆರಳು ತೋರಿಸುವನು. ಕಾಣುವುದು ಬರೀ ನೀರು. ಅಷ್ಟು ಸಾಕಿತ್ತು ಅವಳಿಗೆ, ವರ್ಷವಿಡೀ ಅದೇ ಹಂಬಲ. ಹೋದ ವರ್ಷ ವಿಠ್ಠಲ ತೀರಿಕೊಂಡ. ಈ ಪಂಚಮಿಗೆ ಕರೆಯಲು ಬರುವವರು ಯಾರೂ ಇರಲಿಲ್ಲ. ಕರೆಯದೆ ತವರಿಗೆ ಹೋಗುವ ಜಾಯಮಾನ ಅವಳದಲ್ಲ.

ಸಂಜೆ ಗಂಡನ ಮುಂದೆ ಮಾತು ತೆಗೆದಳು. “ನಾಳೆ ಗಾಡ್ಯಾಗ ಅಳ್ನಾವರತನಕ ಹೋಗಿ ಬರ್ತೇನ್ರಿ.”

“ಅಳ್ನಾವರದಾಗ ಯಾರ ಅದಾರ ನಿನಗ?” ಎಂದ ಪಾಂಡಪ್ಪ.

“ಯಾರೂ ಇಲ್ಲ. ಗಾಡಿ ನಮ್ಮೂರ ನೀರಿನ ಮ್ಯಾಲೆ ಓಡತೈತಂತ. ತವರಿಂದ ಕರಿಯಾಕ ಬಂದಂಗ ಆಗತೈತಿ.”

ಪಾಂಡಪ್ಪ ನಕ್ಕುಬಿಟ್ಟ. “ಹುಚ್ಚಿ! ರೈಲು ಅಂದ್ರ ಏನು, ನಿಮ್ಮಣ್ಣ ಏನು?”

ಗೌರಿಬಾಯಿ ಒಲೆಯ ಕಡೆ ತಿರುಗಿ ಕುಳಿತಳು. ಹೆಗಲು ಅಲುಗುತ್ತಿದ್ದುದು ಅವನಿಗೆ ಕಂಡಿತು. ಪಾಪದವನು, ನಕ್ಕ ಬಾಯಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಬೆಳಿಗ್ಗೆ ಯಾರೂ ಹೇಳದೆ ಉಂಡಿಯ ಚೀಲವನ್ನು ತಾನೇ ಹೊತ್ತುಕೊಂಡು ಸ್ಟೇಷನ್ನಿಗೆ ನಡೆದ.

ಗಾಡಿ ಹೊಗೆಯಿಲ್ಲದೆ, ಹಿಂದಿನ ಆರ್ಭಟವಿಲ್ಲದೆ ಬಂದು ನಿಂತಿತು. ಗೌರಿಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಗಿಲ ಕೆಳಗಿನ ಪಟ್ಟಿಯನ್ನು ಹೊಸ್ತಿಲಿನಂತೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದಳು. ಪಾಂಡಪ್ಪ ಕಿಟಕಿಯಿಂದ ಚೀಲ ಕೊಟ್ಟ. ವಿಠ್ಠಲ ಕರೆಯಲು ಬಂದಾಗಲೆಲ್ಲ ತಾನು ಅವಳನ್ನು ಕೇಳುತ್ತಿದ್ದ ಮಾತೇ ಅವನ ಬಾಯಿಗೆ ಬಂತು.

“ಯಾವಾಗ ಬರ್ತಿ?”

ಸಂಜೆಯೇ ತಿರುಗಿ ಬರುವ ಗಾಡಿ ಅದು. ಇಬ್ಬರಿಗೂ ಗೊತ್ತಿತ್ತು.

“ನಾಕು ದಿನ ಇದ್ದು ಬರ್ತೇನ್ರಿ,” ಎಂದಳು ಗೌರಿಬಾಯಿ. ಅವಳ ಕಣ್ಣು ತುಂಬಿ ಬಂದಿತ್ತು.

ಗಾಡಿ ಹೊರಟಿತು. ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾದ ಮೇಲೆ ಪಾಂಡಪ್ಪ ಕೆಳಗೆ ನೋಡಿದ. ಅವಳು ಹತ್ತಿದ ಜಾಗದಲ್ಲಿ, ಪ್ಲಾಟ್‌ಫಾರಮ್ಮಿನ ಅಂಚಿಗೆ, ಮನೆಯ ಬಾಗಿಲಲ್ಲಿ ಬಿಟ್ಟ ಹಾಗೆ ಅವಳ ಚಪ್ಪಲಿಗಳು ಒಂದರ ಪಕ್ಕ ಒಂದು ಇದ್ದವು.

ಅವನ್ನು ಎತ್ತಿ ಧೂಳು ಕೊಡವಿ, ಸಂಜೆಯ ಗಾಡಿ ಬರುವ ತನಕ ಪಾಂಡಪ್ಪ ಅಲ್ಲೇ ಬೆಂಚಿನ ಮೇಲೆ ಕುಳಿತ.