ಒಗಾಲೊ ಹತ್ತಿದ ಮರ

ಕಣ್ಣು ಮುಚ್ಚಿದರೆ ಒಗಾಲೊ ಬರುತ್ತಾನೆಂದು ಅವ್ವ ನಿದ್ದೆಯನ್ನೇ ಬಿಟ್ಟುಬಿಟ್ಟಳು. ತೊಂಬತ್ತರ ಹತ್ತಿರದ ಜೀವ. ದಿನವಿಡೀ ಬಾಗಿಲ ಬಳಿ, ಒಮೆನಾ ಮೀನು ಒಣಗಲು ಹರವಿದ ಬಲೆಯ ಪಕ್ಕದಲ್ಲಿ ಕೂತಿರುತ್ತಿದ್ದಳು. ಗೋಡೆಗೆ ಒರಗುತ್ತಿರಲಿಲ್ಲ, ಒರಗಿದರೆ ತೂಕಡಿಕೆ ಬರುತ್ತದಲ್ಲ. ತಲೆ ಬಾಗಿದೊಡನೆ ತನ್ನ ತೊಡೆಯನ್ನು ತಾನೇ ಚಿವುಟಿಕೊಳ್ಳುತ್ತಿದ್ದಳು. ಎಂಬಿಟಾದಿಂದ ಬಂದ ನರ್ಸಮ್ಮ ನಾಡಿ ಹಿಡಿದು ನೋಡಿ, ನನ್ನನ್ನು ಹೊರಗೆ ಕರೆದು ಹೇಳಿದಳು: "ಕಾಯಿಲೆ ಏನೂ ಇಲ್ಲ. ಆದ್ರೆ ಹೀಗೇ ನಿದ್ದೆಗೆಟ್ರೆ ಈ ತಿಂಗಳು ದಾಟೋದು ಕಷ್ಟ."

ಒಗಾಲೊ ನನ್ನ ಅಣ್ಣ. ಮೂವತ್ತನಾಲ್ಕು ವರ್ಷಗಳ ಹಿಂದೆ ಮೀನಿಗೆ ಹೋದ ದೋಣಿ ಮಗುಚಿತು. ಲೋಲ್ವೆ ಸರೋವರ ದೋಣಿಯನ್ನು ಮರಳಿಸಿತು, ಹುಟ್ಟನ್ನು ಮರಳಿಸಿತು, ಅವನನ್ನು ಮಾತ್ರ ಇಟ್ಟುಕೊಂಡಿತು. ಹಾಗಾದಾಗ ನಮ್ಮ ರುಸಿಂಗಾ ದ್ವೀಪದಲ್ಲಿ ಮಾಡುವುದು ಒಂದೇ. ದಡದಲ್ಲಿ ನಿಂತು ನಾಲ್ಕು ದಿನ ಹೆಸರು ಹಿಡಿದು ಕರೆಯುತ್ತೇವೆ. ಬಾರದಿದ್ದರೆ ಯಾಗೊ ಮರದಿಂದ ಹಣ್ಣೊಂದನ್ನು ಕೊಯ್ದು ತಂದು, ಬಟ್ಟೆ ಸುತ್ತಿ, ಅವನ ಹೆಸರಿಟ್ಟು ಅಂಗಳದಲ್ಲಿ ಹೂಳುತ್ತೇವೆ. ಹಗ್ಗದಂಥ ತೊಟ್ಟಿನಿಂದ ಜೋತಾಡುವ ಹಣ್ಣು ಅದು. ದೊಡ್ಡದಾದರೆ ಎತ್ತಿದವರ ತೋಳು ಸೋಲುತ್ತದೆ, ಮಲಗಿದ ಕೂಸನ್ನು ಎತ್ತಿದ ಹಾಗೆ. ಸತ್ತವನು ಅದನ್ನೇ ಮೈ ಎಂದು ಒಪ್ಪಿಕೊಂಡು ಸುಮ್ಮನಾಗುತ್ತಾನೆ.

ಒಗಾಲೊ ಸುಮ್ಮನಾಗಲಿಲ್ಲ.

"ಮೊದಮೊದಲು ಹೋದಾಗ ಹೇಗಿದ್ನೋ ಹಾಗೇ ಬರ್ತಿದ್ದ ಒಬುರಾ," ಎಂದು ಅವ್ವ ಹೇಳುತ್ತಿದ್ದಳು. "ಈಗ ಬಂದಾಗಲೆಲ್ಲ ಒಂದು ಗೇಣು ಕಮ್ಮಿ. ಆಮೇಲೆ ಮೈ ತುಂಬ ರೋಮ ಬಂತು. ಮೊನ್ನೆ ಬಂದವನು ಮಾತೂ ಆಡ್ಲಿಲ್ಲ ಕಣೋ. ಮರ ಹತ್ತಿದ. ಮೈಯಿಂದ ನೀರು ತೊಟ್ಟಿಕ್ತಾ ಇತ್ತು. ಇಳಿಯೋ ಮಗಾ ಅಂದೆ. ಕೇಳ್ದೆ ಮೇಲೆ ಮೇಲೆ ಹೋದ. ಅಷ್ಟು ಎತ್ತರದಲ್ಲಿ ಅವನನ್ನ ಹಿಡ್ಕೊಳ್ಳೋಕೆ ಯಾರಿದಾರೆ?"

"ಎಲ್ಲ ನಿಮ್ಮ ಈ ಮಗ ಮಾಡಿದ್ದು ಅತ್ತೆ," ಎಂದಳು ನನ್ನ ಹೆಂಡತಿ ಅಕೆಲೊ, ಮೀನು ಮಗುಚಿ ಹಾಕುತ್ತ. "ಊಟಕ್ಕೆ ಕೂತ್ರೂ ವಾನರ, ಎದ್ರೂ ವಾನರ. ಮುದ್ದೆಗಿಂತ ಜಾಸ್ತಿ ಅದನ್ನೇ ಬಡಿಸಿದ್ದಾರೆ ನಿಮಗೆ."

ಅವಳ ಮಾತಿನಲ್ಲಿ ನಿಜವಿತ್ತು. ಹಿವೇಗಿ ಗುಡ್ಡದ ಇಳಿಜಾರಿನಲ್ಲಿ ಕಲ್ಲಾದ ಮೂಳೆ ಹುಡುಕುವುದು ನನ್ನ ಕೆಲಸ. ಒಂದು ಕೋಟಿ ಎಂಬತ್ತು ಲಕ್ಷ ವರ್ಷದ ಹಿಂದೆ ಇಲ್ಲಿ ಸರೋವರವಿರಲಿಲ್ಲ, ಕಾಡಿತ್ತು. ದಕ್ಷಿಣದ ಬೆಂಕಿಬೆಟ್ಟ ಬೂದಿ ಉಗುಳಿ ಆ ಕಾಡನ್ನು ಹಾಗೆಯೇ ಮುಚ್ಚಿಟ್ಟಿತು. ಮರದ ಬುಡಗಳು ಇಂದಿಗೂ ನಿಂತಲ್ಲೇ ಕಲ್ಲಾಗಿ ನಿಂತಿವೆ. ಆ ಮರಗಳ ಮೇಲೆ ಬಾಳಿದ ವಾನರಗಳು ನಮ್ಮ ಹಿರಿಯರೋ, ಹಿರಿಯರ ದಾಯಾದಿಗಳೋ, ಅದನ್ನು ಓದಿದವರು ಇನ್ನೂ ವಾದಿಸುತ್ತಿದ್ದಾರೆ. ನಾನು ಓದಿದವನಲ್ಲ. ಮೊಣಕಾಲೂರಿ ನೆಲ ನೋಡುತ್ತೇನೆ. ಪ್ರಾರ್ಥನೆಗೂ ಮೊಣಕಾಲೂರುತ್ತೇನೆ, ಇದಕ್ಕೂ ಊರುತ್ತೇನೆ. ನನ್ನ ಮೊಣಕಾಲಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯದು. ಮಣ್ಣಿನಿಂದ ನಮ್ಮನ್ನು ಮಾಡಿದವನು ಎಷ್ಟು ಹೊತ್ತು ತೆಗೆದುಕೊಂಡನೆಂದು ನಾನು ಕೇಳಿದವನೂ ಅಲ್ಲ.

ಅವ್ವ ಅಕೆಲೊಳ ಮಾತಿಗೆ ನಗಲಿಲ್ಲ. ನನ್ನ ಕಡೆ ತಿರುಗಿದಳು.

"ಪ್ರಪಂಚ ಹುಟ್ಟಿದಾಗ ಸತ್ತವರ ಮೂಳೆ ಸಿಗುತ್ತೆ ನಿನಗೆ. ಒಂದೇ ಹೊಟ್ಟೇಲಿ ಹುಟ್ಟಿದವನ ಒಂದು ಬೆರಳು ಸಿಗಲಿಲ್ಲ. ಒಂದೇ ಒಂದು ಬೆರಳು ತಂದು ಕೈಗಿಡು, ಮಲಗ್ತೀನಿ."

ಅವಳಿಗೆ ಗೊತ್ತಿಲ್ಲದ ಒಂದು ಮಾತನ್ನು ನಾನು ಮೂವತ್ತನಾಲ್ಕು ವರ್ಷದಿಂದ ಬಚ್ಚಿಟ್ಟಿದ್ದೆ. ಆ ದಿನ ಯಾಗೊ ಹಣ್ಣು ತರಲು ಹೋದವನು ನಾನು. ಮರದಲ್ಲಿ ಬೆಳೆದ ಗಂಡಸಿಗೆ ಒಪ್ಪುವಂಥ ದೊಡ್ಡ ಹಣ್ಣೊಂದಿತ್ತು. ಕೊಯ್ದಾಗ ಕೈ ಜಾರಿ ಬಂಡೆಯ ಮೇಲೆ ಬಿದ್ದು ಸೀಳಿಹೋಯಿತು. ಸೀಳಿದ್ದನ್ನು ಹೂಳುವಂತಿಲ್ಲ. ಉಳಿದವು ಎಳೆಯವು, ಮೊಳದುದ್ದದವು. ಅದರಲ್ಲೊಂದನ್ನು ತಂದು, ಇದ್ದುದರಲ್ಲಿ ಇದೇ ದೊಡ್ಡದು ಎಂದೆ. ಒಗಾಲೊನ ಅಂಗಿಯನ್ನು ಅದಕ್ಕೆ ಸುತ್ತುವಾಗ ತೋಳುಗಳು ಎರಡು ಸುತ್ತು ಬಂದವು. ಹೆಂಗಸರು ಅಳುತ್ತಿದ್ದರು, ಯಾರೂ ನೋಡಲಿಲ್ಲ. ನಾನು ನೋಡಿದೆ. ಈಗ ಅವ್ವ ಅವನು ಚಿಕ್ಕವನಾಗಿ ಬರುತ್ತಾನೆಂದಾಗಲೆಲ್ಲ ಆ ಎರಡು ಸುತ್ತಿನ ತೋಳು ನನ್ನ ಕತ್ತನ್ನೇ ಬಿಗಿಯುತ್ತಿತ್ತು.

ಆ ಶುಕ್ರವಾರ ಮಧ್ಯಾಹ್ನ ಸರೋವರದ ಮೇಲೆ ನೀರುನೊಣಗಳು ಹೊಗೆಯ ಕಂಬದಂತೆ ಎದ್ದಿದ್ದವು. ಗಾಳಿ ಬಂದಾಗ ಕಂಬ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಬಿಸಿಲಿಗೆ ಇಳಿಜಾರು ತೇಲುವಂತೆ ಕಾಣುತ್ತಿತ್ತು. ಕಲ್ಲಾದ ಬುಡವೊಂದರ ಬಳಿ, ಬೂದಿಮಣ್ಣಿನಲ್ಲಿ, ಸುಟ್ಟ ಬೆಲ್ಲದ ಬಣ್ಣದ್ದೊಂದು ಚೂರು. ಸುತ್ತ ಕೆದಕಿದೆ. ಬೆರಳಿನ ಮೂಳೆ. ನನ್ನ ಬೆರಳಿಗಿಂತ ಗಿಡ್ಡ, ಒಳಕ್ಕೆ ಚೂರು ಬಾಗಿದೆ. ಕೊಂಬೆ ಹಿಡಿದೂ ಹಿಡಿದೂ ಬಾಗಿದ ಬಾಗು.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಮೂಳೆ ಕಂಡರೆ ಮುಟ್ಟಬಾರದು. ಪಕ್ಕದಲ್ಲಿ ಬಾವುಟ ನೆಟ್ಟು ಕೂಗಬೇಕು. ಡಾಕ್ಟರ್ ಮುವೇನಿ ಬಂದು ಅದು ಇದ್ದ ಜಾಗ, ಮಲಗಿದ ದಿಕ್ಕು ಎಲ್ಲ ಬರೆದುಕೊಂಡ ಮೇಲೆಯೇ ಎತ್ತುವುದು. ನೈರೋಬಿಯ ವಸ್ತುಸಂಗ್ರಹಾಲಯದಿಂದ ನಮ್ಮ ತಂಡ ನಡೆಸುವವಳು ಅವಳು, ನನಗಿಂತ ಹತ್ತು ವರ್ಷ ಚಿಕ್ಕವಳು. "ಜಾಗ ಕಳಕೊಂಡ ಮೂಳೆ ಅನಾಥ," ಎನ್ನುತ್ತಾಳೆ. "ಯಾರ ಮನೆಯದು ಅಂತ ಹೇಳೋಕೆ ಅದಕ್ಕೆ ಬಾಯಿರಲ್ಲ."

ನಾನು ಬಾವುಟ ನೆಡಲಿಲ್ಲ. ಬುಡದ ಮೇಲೊಂದು ಬಿಳಿ ಕಲ್ಲಿಟ್ಟು, ಮೂಳೆಯನ್ನು ಜೇಬಿಗೆ ಹಾಕಿಕೊಂಡೆ.

ಸೂರ್ಯ ಮುಳುಗಿದರೆ ನಮಗೆ ಸಬ್ಬತ್ ಶುರು, ಶನಿವಾರ ಸಂಜೆಯವರೆಗೆ ದೇವರ ದಿನ. ಸಬ್ಬತ್ತಿನ ದಿನ ಸುಳ್ಳು ಹೇಳಬಾರದೆಂದು ನಾನು ಮನೆಗೆ ಓಡುತ್ತ ಬಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ದೇವರ ಗಡಿಯಾರದ ಕಣ್ಣು ತಪ್ಪಿಸಲು ಓಡಿದವನು ನಾನು.

"ಅವ್ವ, ತಗೋ," ಎಂದೆ. ಇಳಿಬಿಸಿಲು ಅವಳ ಮಡಿಲಲ್ಲಿತ್ತು. "ಗುಡ್ಡದ ಕೆಳಗೆ, ದಡದಲ್ಲಿ ಸಿಕ್ತು. ಅಣ್ಣಂದು."

ಅವ್ವ ಬೆರಳನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡಳು. ಅವಳ ಭುಜ ಸಡಿಲವಾಯಿತು, ರೆಪ್ಪೆ ಇಳಿಯಿತು. ಮಲಗಿಬಿಟ್ಟಳೇ ಎಂದು ಬಗ್ಗಿ ನೋಡಿದೆ. ಆಮೇಲೆ ಆ ಮೂಳೆಯನ್ನು ಬಾಯಿಗೆ ತಂದು ನಾಲಿಗೆಗೆ ಮುಟ್ಟಿಸಿದಳು.

ಅದು ಅಂಟಿಕೊಂಡಿತು.

ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ನಾಲಿಗೆಗೆ ಅಂಟಿದರೆ ಹಳೆಯ ಮೂಳೆ, ಜಾರಿದರೆ ಬರೀ ಕಲ್ಲು. ಗುಡ್ಡದಲ್ಲಿ ದಿನವೂ ನಾವು ಮಾಡುವ ಪರೀಕ್ಷೆ ಅದು.

"ನನ್ನ ಮಗ ನಿನ್ನೆ ಮೊನ್ನೆ ಸತ್ತವನು," ಎಂದಳು ಅವ್ವ. "ಇವಳು ಯಾವ ಕಾಲದವಳೋ. ಯಾರ ಮನೆಯಿಂದ ಕದ್ದೆ?"

ಅಕೆಲೊ ಮೀನಿನ ಬುಟ್ಟಿಯನ್ನು ಕೆಳಗಿಟ್ಟಳು. ನಾನು ಅಂಗಳದ ಮಣ್ಣಿನಲ್ಲಿ ಮೊಣಕಾಲೂರಿ ಎಲ್ಲ ಹೇಳಿದೆ. ಗುಡ್ಡ, ಬಿಳಿ ಕಲ್ಲು, ಬಂಡೆಯ ಮೇಲೆ ಸೀಳಿದ ಹಣ್ಣು, ಎರಡು ಸುತ್ತು ಬಂದ ಅಂಗಿಯ ತೋಳು. ಹೇಳುತ್ತಿದ್ದಂತೆಯೇ ಸೂರ್ಯ ಮುಳುಗಿದ. ಸುಳ್ಳು ಆ ಕಡೆ ಬಿತ್ತು, ನಿಜ ಈ ಕಡೆ.

ಅವ್ವ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಶನಿವಾರವಿಡೀ ಒಂದು ತುತ್ತು ತಿನ್ನಲಿಲ್ಲ, ಒಂದು ಚಣ ರೆಪ್ಪೆ ಮುಚ್ಚಲಿಲ್ಲ. ಮೂಳೆ ಮಾತ್ರ ಅವಳ ಮುಷ್ಟಿಯಲ್ಲೇ ಇತ್ತು. ಪ್ರಾರ್ಥನೆಯಲ್ಲಿ ದೇವರ ವಾಕ್ಯಗಳನ್ನು ಹೇಳುವಾಗ ನನ್ನ ನಾಲಿಗೆಗೆ ಅವು ಅಂಟಲಿಲ್ಲ, ಜಾರಿ ಜಾರಿ ಹೋದವು.

ಭಾನುವಾರ ಬೆಳಗಾಗುತ್ತಲೇ ಅವಳು ಕೋಲು ಕುಟ್ಟಿದಳು.

"ಇವಳನ್ನ ಎಲ್ಲಿಂದ ತಂದ್ಯೋ ಅಲ್ಲಿಗೆ ಕರ್ಕೊಂಡು ಹೋಗು. ನಾನೂ ಬರ್ತೀನಿ."

"ಗುಡ್ಡ ಹತ್ತೋಕಾಗುತ್ತಾ ಅತ್ತೆ?" ಎಂದಳು ಅಕೆಲೊ.

"ನಾನು ಹತ್ತಲ್ಲ. ಬೈಕ್ ಹತ್ತುತ್ತೆ."

ಬಾಡಿಗೆ ಬೈಕಿನವನು ಅವ್ವನನ್ನು ನಮ್ಮಿಬ್ಬರ ನಡುವೆ ಕೂರಿಸಿದ. "ಗಟ್ಟಿಯಾಗಿ ಹಿಡ್ಕೋ ಅಜ್ಜಿ, ಬಿದ್ದುಗಿದ್ದೀಯ."

"ನಿಮ್ಮಪ್ಪ ಕುಡಿದು ದಡದಲ್ಲಿ ಬಿದ್ದಾಗ ಎತ್ತಿ ದೋಣಿಗೆ ಹಾಕಿದವಳು ನಾನು. ನೀನು ದಾರಿ ನೋಡ್ಕೊಂಡು ಓಡಿಸು."

ಮೂವರೂ ನಕ್ಕೆವು. ಅವಳ ಬೆನ್ನು ನನ್ನ ಎದೆಗೆ ತಾಗಿತ್ತು. ಹಕ್ಕಿಯ ಬೆನ್ನಿನಷ್ಟು ಹಗುರ. ಇವಳೂ ಚಿಕ್ಕವಳಾಗುತ್ತಿದ್ದಾಳೆ ಅನ್ನಿಸಿತು.

ಇಳಿಜಾರಿನ ಬುಡದಲ್ಲಿ ಡಾಕ್ಟರ್ ಮುವೇನಿ ಸಿಕ್ಕಳು. ನಾನು ತಪ್ಪು ಒಪ್ಪಿಕೊಂಡೆ. ಅವಳ ಮುಖ ಕಪ್ಪಿಟ್ಟಿತು. "ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ ನೀವಾ ಒಬುರಾ?" ಎಂದಳು, ಅಷ್ಟೇ. ಅವ್ವ ಅವಳ ಮುಂದೆ ಮುಷ್ಟಿ ಬಿಚ್ಚಿದಳು.

"ಬೈಯೋದು ಆಮೇಲೆ ಬೈಯವ್ವ. ಇವನು ಸಣ್ಣವನಿದ್ದಾಗಿಂದ್ಲೂ ಹೀಗೇ. ಮೊದಲು ಇವಳನ್ನ ಮನೆ ಸೇರಿಸೋಣ."

"ಹೆಣ್ಣು ಅಂತ ಹೇಗೆ ಗೊತ್ತಾಯ್ತು ತಾಯಿ? ಒಂದು ಬೆರಳಿಂದ ನಮಗೇ ಹೇಳೋಕಾಗಲ್ಲ."

"ಒಂದು ಹಗಲು ಎರಡು ರಾತ್ರಿ ಕೈ ಹಿಡ್ಕೊಂಡು ಕೂತಿದ್ದೀನಿ. ನೀನು ಕೂತಿದ್ಯಾ?" ಅವ್ವ ಕೇಳಿದಳು, "ಬಾಲ ಇತ್ತಾ ಇವರಿಗೆ?"

"ಇಲ್ಲ. ಬಾಲ ಆಗಲೇ ಹೋಗಿತ್ತು."

"ಹಾಗಾದ್ರೆ ನಮ್ಮವಳೇ."

ಬಿಳಿ ಕಲ್ಲು ಇಟ್ಟಲ್ಲೇ ಇತ್ತು. ಬುಡದ ಪಕ್ಕದ ಬೂದಿಮಣ್ಣಿನಲ್ಲಿ ಬೆರಳಿನ ಅಚ್ಚು ಹಾಗೇ ಉಳಿದಿತ್ತು, ಹಾಸಿಗೆಯಲ್ಲಿ ಮಲಗೆದ್ದವರ ಗುರುತಿನಂತೆ. ಅವ್ವ ಬಗ್ಗಿ ಮೂಳೆಯನ್ನು ಅದರೊಳಗಿಟ್ಟಳು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಮುವೇನಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವಳು ಪುಸ್ತಕ ತೆಗೆದು ಬರೆದುಕೊಂಡಳು. ಬರೆಯುತ್ತಿದ್ದವಳು ತಟ್ಟನೆ ನಿಂತು, ಬೆರಳಿನ ಆಚೆ, ಮಣ್ಣಿನಿಂದ ಇಣುಕುತ್ತಿದ್ದ ಇನ್ನೊಂದು ಕಂದು ಅಂಚನ್ನು ಕಣ್ಣಿನಲ್ಲೇ ನನಗೆ ತೋರಿಸಿದಳು.

ಅವ್ವ ಬುಡದ ಮಗ್ಗುಲಲ್ಲಿ ಕಾಲು ಚಾಚಿ ಕೂತು ಶೋಕದ ಹಾಡು ಎತ್ತಿದಳು. ನನ್ನ ಬಾಲ್ಯದಲ್ಲಿ ಎಲ್ಲೇ ಸಾವಾಗಲಿ, ಆ ಹಾಡಿಗಾಗಿ ಅವಳನ್ನು ಕರೆಯುತ್ತಿದ್ದರು. ಹಾಡಿ ಹಾಡಿ ಒಡೆದ ಅವಳ ದನಿ ಕೇಳುತ್ತಲೇ ಬೆಳೆದವನು ನಾನು. ಸತ್ತವಳು ಯಾರ ಮಗಳು, ಯಾವ ಊರಿನವಳು ಎಂದು ಹೇಳದೆ ಆ ಹಾಡು ಶುರುವಾಗುವುದಿಲ್ಲ. ಮದುವೆಯಾಗಿ ಬಂದ ಹೆಣ್ಣನ್ನು ನಾವು ಕರೆಯುವುದೇ ತವರಿನ ಹೆಸರಿನಿಂದ. ಅವ್ವ ಊರಿಗೆಲ್ಲ ಮ್ಫಾಂಗಾನೊ ದ್ವೀಪದ ಮಗಳು. ಈ ಬೆರಳಿನವಳನ್ನು ಏನೆಂದು ಕರೆಯುತ್ತಾಳೆ? ಅವ್ವ ಕಣ್ಣು ಅರೆ ಮುಚ್ಚಿ, ಮೆಲ್ಲಗೆ, ತೂಗುತ್ತ ಹೇಳಿದಳು:

"ಬೆಂಕಿ ಕಾಣದ ಕಾಲದ ಕೂಸೇ, ಯಾರ ಮಗಳು ನೀನು?
ಅಪ್ಪನ ಅಂಗಳ ಬೂದಿಯ ಕೆಳಗೆ, ಅವ್ವನಿಗೆ ಒಲೆಯಿಲ್ಲ.
ತವರಿಲ್ಲ ಅನ್ನಬ್ಯಾಡ, ನನ್ನ ತವರು ತಗೋ,
ಕೇಳಿದವರಿಗೆ ಹೇಳು, ಮ್ಫಾಂಗಾನೊದ ಮಗಳು ನಾನು.
ಎತ್ತರದ ಕೊಂಬೆಯವಳೇ, ಒದ್ದೆ ಮೈಯವನೊಬ್ಬ ಬರ್ತಾನೆ,
ಬಾಗಿದ ಬೆರಳಿನವಳೇ, ಕೈ ಚಾಚು."

ಕೊನೆಯ ಸಾಲನ್ನು ಮತ್ತೆ ಮತ್ತೆ ಹೇಳಿದಳು. ಪ್ರತಿ ಸಲವೂ ದನಿ ಒಂದು ಗೇಣು ಚಿಕ್ಕದಾಯಿತು. ಆಮೇಲೆ ತುಟಿ ಮಾತ್ರ ಅಲುಗಿತು. ಆಮೇಲೆ ಅದೂ ಇಲ್ಲ. ಅವ್ವನ ತಲೆ ಕಲ್ಲಾದ ಮರಕ್ಕೆ ಒರಗಿತು. ಕೈ ತೊಡೆಯ ಕಡೆ ಹೋಗಲಿಲ್ಲ.

ಬಿಸಿಲು ಏರಿತು. ಅವಳ ಮುಖಕ್ಕೆ ನೆರಳಾಗಲೆಂದು ನಾನು ಕೊಡೆ ಹಿಡಿದು ನಿಂತೆ. ಕೆಲಸದವರು ಗುದ್ದಲಿ ಹಿಡಿದು ಬಂದರು. ಮುವೇನಿ ಬಾಯಿಯ ಮೇಲೆ ಬೆರಳಿಟ್ಟು ಅವರನ್ನು ತಡೆದಳು.

"ಈಗಲೇ ಇಲ್ಲಿ ಅಗೆಯೋದು ಬೇಡ. ಇಷ್ಟು ವರ್ಷ ಕಾದಿದ್ದು ಸಂಜೆವರೆಗೆ ಕಾಯುತ್ತೆ."

ಅವಳೂ ಬಂದು ಕೊಡೆಯ ನೆರಳಿನ ಅಂಚಿನಲ್ಲಿ ಕೂತಳು. ಕೆಳಗೆ ಸರೋವರ ಮಿನುಗುತ್ತಿತ್ತು. ನೀರುನೊಣಗಳ ಕಂಬವೊಂದು ಎದ್ದು ನಮ್ಮತ್ತ ಬಂತು. ಬರುತ್ತ ಬರುತ್ತ ಮರವಾಯಿತು, ಕೊಂಬೆ ಚಾಚಿತು, ಇಡೀ ಇಳಿಜಾರು ಒಂದು ಗಳಿಗೆ ಕಾಡಿನಂತೆ ಗುಂಯ್ಗುಟ್ಟಿತು. ನಾನು ಕಣ್ಣುಜ್ಜಿಕೊಂಡೆ. ತೋಳು ಸೋಲುತ್ತಿತ್ತು. ಬದಲಿಸಿ ಹಿಡಿದೆ.

ಬಿಸಿಲು ಪಡುವಣಕ್ಕೆ ವಾಲಿದಾಗ ಅವ್ವ ಕಣ್ಣು ಬಿಟ್ಟಳು.

ಕೇಳಲು ನನಗೆ ಹೆದರಿಕೆ. ಆದರೂ ಕೇಳಿದೆ. "ಬಂದಿದ್ನಾ?"

"ಬಂದಿದ್ದ."

"ಚಿಕ್ಕವನಾಗಿ?"

"ಹೂಂ. ಇನ್ನೂ ಚಿಕ್ಕವನಾಗಿ. ನೀನು ತಂದ ಹಣ್ಣಿನಷ್ಟೇ ಇದ್ದ." ನನ್ನ ಮುಖ ನೋಡಿ ಅವಳು ಕೋಲಿನಿಂದ ನನ್ನ ಮೊಣಕಾಲನ್ನು ತಟ್ಟಿದಳು. "ಒಳ್ಳೇದಾಯ್ತು ಬಿಡೋ. ದೊಡ್ಡವನಾಗಿದ್ರೆ ಬೆನ್ನ ಮೇಲೆ ಕೂರಿಸ್ಕೊಂಡು ಕೊಂಬೆ ಹತ್ತೋಕೆ ಆಗ್ತಿತ್ತಾ ಆ ಬೆರಳಿನವಳಿಗೆ?"

ಅವ್ವ ಎದ್ದು ಸೆರಗಿನ ಬೂದಿ ಕೊಡವಿಕೊಂಡಳು. ನಮ್ಮ ಡಾಕ್ಟರಮ್ಮನ ಊಟದ ಡಬ್ಬಿಯ ಕಡೆ ನೋಡಿದಳು.

"ಏನಿದೆ ಅದರಲ್ಲಿ? ಎರಡು ದಿನ ಆಯ್ತು ತಿಂದು."