ಬದುವಿನ ಮೇಲೆ ಬಿಟ್ಟ ಬೂಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಕೇಳಬಾರದು. ಇದು ಅಬ್ಬಾನಿಂದ ಬಂದದ್ದಲ್ಲ. ನಮ್ಮ ಅಬ್ಬಾ ರಾಜಾಸಾಬ ಯಲಬುರ್ಗಾ ಬಸ್‌ಸ್ಟ್ಯಾಂಡಿನ ಪಕ್ಕ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಸಾಧು ಮನುಷ್ಯ, ಮೊಳೆ ಚುಚ್ಚಿದ ಟ್ಯೂಬಿನ ಮೇಲೂ ರೇಗಿದವನಲ್ಲ. ಅಮ್ಮ ಅಬೇದಾಬಿ ಹಾಗಲ್ಲ. ನಮ್ಮ ಮನೆಯಲ್ಲಿ ಉರ್ದು ಕನ್ನಡ ಎರಡೂ ಕಲಸಿದ ಮಾತು ನಡೆಯುತ್ತದೆ. ಅಮ್ಮನ ಬಾಯಲ್ಲಿ ಬರೀ ಕನ್ನಡ ಬರತೊಡಗಿತೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

ಅಮ್ಮ ಬೀಜ ಬಿಡುವವಳು. ಎತ್ತು ಎಳೆಯುವ ಕೂರಿಗೆಯ ಮೇಲೆ ಒಂದು ಮರದ ಬಟ್ಟಲು ಇರುತ್ತದೆ, ಅದರಿಂದ ನೆಲಕ್ಕೆ ಮೂರು ಬಿದಿರಿನ ಕೊಳವೆ ಇಳಿದಿರುತ್ತವೆ. ಕೂರಿಗೆಯ ಹಿಂದೆ ನಡೆಯುತ್ತ ಆ ಬಟ್ಟಲಿಗೆ ಹಿಡಿಯಿಂದ ಕಾಳು ಜಾರಿಸುತ್ತಲೇ ಹೋಗಬೇಕು. ಹೆಚ್ಚು ಬಿಟ್ಟರೆ ಪೈರು ಗುಂಪಾಗಿ ಹುಟ್ಟುತ್ತದೆ, ಒಂದು ಗಳಿಗೆ ಕೈ ತಡೆದರೆ ಸಾಲು ತುಂಡಾಗುತ್ತದೆ. ಎಂಟು ದಿನಕ್ಕೆ ಮೊಳಕೆ ಎದ್ದಾಗ ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಾರೆ. "ಈ ಹೊಲಾ ಯಾರು ಬಿತ್ಯಾರ?" ಎಂದು ಕೇಳಿಯೇ ಮುಂದೆ ಹೋಗುತ್ತಾರೆ.

ಟ್ರ್ಯಾಕ್ಟರ್ ಬಂದ ಮೇಲೂ ಹಿಂಗಾರಿ ಜೋಳಕ್ಕೆ ಅಬೇದಾಬಿಯ ಕೈಯೇ ಬೇಕೆನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅದರಲ್ಲಿ ಮೊದಲನೆಯದು ಪಕ್ಕದ ಮನೆಯ ಹುಲಿಗೆಪ್ಪ ಕಾಕಾನದು. ಕಾಕಾ ಬದುವಿನ ಮೇಲೆ ಕೂರಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾನೆ, ಅಮ್ಮ ಬಿಸ್ಮಿಲ್ಲಾ ಎಂದು ಹಿಡಿ ತುಂಬಿಕೊಳ್ಳುತ್ತಾಳೆ, ಇಬ್ಬರೂ ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿಯುತ್ತಾರೆ. ಬಿತ್ತುವ ದಿನ ಹೊಲದೊಳಗೆ ಚಪ್ಪಲಿ ಇಲ್ಲ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಯುವ ಹಾಗೆ ತಾನಾಗಿ ಬಂತು.

ನನಗೆ ಹನ್ನೆರಡು ವರ್ಷವಿದ್ದಾಗ ಹಟ ಮಾಡಿ ಕಾಕಾನ ಹೊಲದಲ್ಲಿ ನಾನೂ ಬೀಜ ಬಿಟ್ಟೆ. ಮೂರನೇ ಸುತ್ತಿನಲ್ಲಿ ಗಿಳಿಗಳ ಹಿಂಡೊಂದು ಹಾರಿತು. ಅದನ್ನು ನೋಡುತ್ತ ಕೈ ಮರೆತೆ. ಮೂರೂ ಸಾಲು ಎರಡು ಮಾರು ಉದ್ದಕ್ಕೆ ಬೋಳಾದವು. ಕಂಡವರೆಲ್ಲ ಕೇಳಿದರು. ಅಮ್ಮ ಎಲ್ಲರಿಗೂ ಒಂದೇ ಮಾತು ಹೇಳಿದಳು: "ನಾನ ಬಿತ್ತೀನಿ. ನನಗ ಲಕ್ಷ್ಯ ಇರಲಿಲ್ಲ." ಜೋಳ ಕೊಯ್ಯುವ ತನಕ ಆ ಬೋಳು ಹಾಗೇ ಕಾಣುತ್ತಿತ್ತು. ಅವಳ ಹೆಸರಿಗೆ ಅಂಟಿದ ಕಲೆ ಅದೊಂದೇ. ಆಮೇಲೆ ಅವಳು ನನ್ನ ಕೈಗೆ ಕಾಳು ಕೊಡಲಿಲ್ಲ, ನನಗೂ ಕೇಳಲು ಮುಖವಿರಲಿಲ್ಲ.

ಕೃಷಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಕಾಲೇಜಿನಿಂದ ಇಬ್ಬರನ್ನು ಒಂದು ಸೆಮಿಸ್ಟರ್ ಓದಲು ನೆದರ್ಲೆಂಡ್ಸಿಗೆ ಆರಿಸಿದರು. ಅದರಲ್ಲಿ ನಾನೊಬ್ಬಳು. ಅಬ್ಬಾ ಬಸ್‌ಸ್ಟ್ಯಾಂಡಿನಲ್ಲಿ ಗಾಳಿ ಹಾಕಿಸಿಕೊಳ್ಳಲು ಬಂದವರಿಗೆಲ್ಲ, "ನಮ್ಮ ನಾಹೀದಾ ಸಮುದ್ರಕಿಂತ ತೆಳಗ ಇರೋ ದೇಶಕ್ಕ ಹೊಂಟಾಳ್ರಿ" ಎಂದು ಹೇಳತೊಡಗಿದ. ಕುಕನೂರಿನ ಕಡೆಯ ಒಬ್ಬ ಮುದುಕ ಗಾಬರಿಯಾಗಿ, "ಹಂಗಾರ ಮುಳಗಂಗಿಲ್ಲೇನ್ರಿ?" ಎಂದು ಕೇಳಿದನಂತೆ. "ಒಡ್ಡು ಹಾಕ್ಕೊಂಡಾರ್ರಿ, ಭಾಳ ಗಟ್ಟಿ ಮಂದಿ" ಎಂದು ಅಬ್ಬಾ ಸಮಾಧಾನ ಹೇಳಿ ಕಳಿಸಿದ. ಫೆಬ್ರವರಿಯಲ್ಲಿ ನಾನು ಹೊರಟೆ.

ಅಲ್ಲಿ ನಮಗೆ ಬಿತ್ತನೆ ಯಂತ್ರಗಳ ಪಾಠ ಮಾಡುತ್ತಿದ್ದವರು ಮಾರಿಕೆ. ಮೇಡಂ ಎನ್ನುವ ಹಾಗಿಲ್ಲ, ಹೆಸರು ಹಿಡಿದೇ ಕರೆಯಬೇಕಂತೆ. ಹಣ್ಣುಗೂದಲಿನ ಗುರುಗಳನ್ನು ಹೆಸರು ಹಿಡಿದು ಕರೆದರೆ ಅಮ್ಮ ನನ್ನ ಚರ್ಮ ಸುಲಿಯುತ್ತಾಳೆ. ಹಾಗಾಗಿ ಮಾತಾಡಿಸಬೇಕಾದಾಗೆಲ್ಲ ಎದುರಿಗೆ ಹೋಗಿ ನಿಂತು ಕೆಮ್ಮುತ್ತಿದ್ದೆ. ಅವರು ಎರಡು ಸಲ ನನಗೆ ಕೆಮ್ಮಿನ ಗುಳಿಗೆ ಕೊಟ್ಟರು.

ಏಪ್ರಿಲ್‌ನಲ್ಲಿ ಹೊಲದ ಪ್ರಾಕ್ಟಿಕಲ್ ಬಂತು. ಎಲ್ಲರಿಗೂ ಮೂತಿಯಲ್ಲಿ ಕಬ್ಬಿಣವಿರುವ ದಪ್ಪ ಬೂಟು ಕಡ್ಡಾಯ. ಯಂತ್ರ ಬಿತ್ತುತ್ತ ಹೋಗುತ್ತದೆ, ನಾವು ಹಿಂದೆ ನಡೆದು ಕಾಳಿನ ಅಂತರ ಅಳೆಯಬೇಕು. ಹೊಲ ಎಷ್ಟು ಹಸನಾಗಿತ್ತೆಂದರೆ ನನ್ನ ಕಣ್ಣು ತುಂಬಿತು. ಯಂತ್ರದ ಪೆಟ್ಟಿಗೆಯಲ್ಲಿ ಬೀಜ ಇತ್ತು, ಮುಂದೆ ಉತ್ತ ಮಣ್ಣಿತ್ತು. ಆಮೇಲೆ ಏನು ಮಾಡಬೇಕೆಂದು ನಾನು ಯೋಚಿಸಬೇಕಾಗಿರಲಿಲ್ಲ. ಬೂಟು ಬಿಚ್ಚಿ ಅಂಚಿನಲ್ಲಿ ಜೋಡಿಯಾಗಿ ಇಟ್ಟು, ಕಾಲುಚೀಲವನ್ನೂ ಅದರೊಳಗೆ ಮಡಚಿಟ್ಟು, ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೊಲಕ್ಕೆ ಇಳಿದೆ. ಹತ್ತು ಹೆಜ್ಜೆ ಹಾಕಿರಬೇಕು. ಹಳದಿ ಜಾಕೆಟ್ಟಿನ ಸುರಕ್ಷತಾ ಅಧಿಕಾರಿ ಸೀಟಿ ಊದುತ್ತ ಓಡಿ ಬಂದ. ಯಂತ್ರ ನಿಂತಿತು. ಇಪ್ಪತ್ತೆರಡು ಜನ ನನ್ನ ಕಾಲನ್ನೇ ನೋಡಿದರು. ನನ್ನ ಪ್ರಾಕ್ಟಿಕಲ್ ಅಲ್ಲಿಗೇ ರದ್ದಾಯಿತು.

ಸಂಜೆ ಮಾರಿಕೆ ಒಂದು ಕಾಗದ ಕೊಟ್ಟರು. 'ನಾನು ಅಜಾಗರೂಕತೆಯಿಂದ ಸುರಕ್ಷತಾ ನಿಯಮ ಮುರಿದಿದ್ದೇನೆ' ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. ಕೆಳಗೆ ಸಹಿ ಹಾಕಬೇಕು ಅಷ್ಟೆ.

"ಎಲ್ಲರೂ ಹಾಕುತ್ತಾರೆ, ನಾಹೀದಾ. ನಾಳೆಯೊಳಗೆ ಕೊಡು, ಗುರುವಾರ ಮತ್ತೆ ಪ್ರಾಕ್ಟಿಕಲ್ ಮಾಡಬಹುದು."

"ಹಾಕದಿದ್ದರೆ?"

"ಮರುಅವಕಾಶ ಇಲ್ಲ" ಎಂದರು. ಅವರಿಗೂ ಬೇಸರವಾಗಿತ್ತು.

ಆ ಪ್ರಾಕ್ಟಿಕಲ್ ಹೋದರೆ ಸೆಮಿಸ್ಟರ್ ಪೂರ್ತಿ ನೀರಿನಲ್ಲಿ ಹೋಮ. ಊರಿಗೆ ಹೋಗಿ ಒಂದು ವರ್ಷ ಹಿಂದೆ ಕೂರಬೇಕು. ಅಬ್ಬಾ ಬಸ್‌ಸ್ಟ್ಯಾಂಡಿನಲ್ಲಿ ತಲೆ ತಗ್ಗಿಸಿ ಗಾಳಿ ಹಾಕಬೇಕು. ಒಂದು ಸಹಿ ತಾನೇ, ಗೀಚಿ ಬಿಸಾಕಿದರಾಯಿತು ಎಂದು ಪೆನ್ನು ತೆಗೆದೆ. 'ಅಜಾಗರೂಕತೆ' ಎಂಬ ಆ ಒಂದು ಶಬ್ದ ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಮರುದಿನ ಮಧ್ಯಾಹ್ನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಹುಲಿಗೆಪ್ಪ ಕಾಕಾನ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ.

"ಬೂಟು ಯಾಕ ಬಿಚ್ಚಿದಿ?" ಎಂದು ಅಮ್ಮ ಶುರುಮಾಡಿದಳು. ಬರೀ ಕನ್ನಡ. "ಹೊಲಾ ಅವರದು, ಮಿಷನ್ ಅವರದು. ಕಾಲ ಮ್ಯಾಲ ಹಾದು ಹೋಗಿದ್ರ ಏನ್ ಮಾಡ್ತಿದ್ದಿ? ಕುಂಟಕೊಂತ ಬರ್ತಿದ್ದೇನು? ಖಬರ್ ಐತೇನು ನಿನಗ?"

ಪಕ್ಕದಿಂದ ಕಾಕಾ ಮುಖ ತೂರಿಸಿದ. "ಅಲ್ಲಬೇ ಅಕ್ಕ, ಬಿತ್ತೋ ಹೊಲದಾಗ ಯಾರರ ಬೂಟು ಹಾಕ್ಕೊಂಡು ಇಳೀತಾರೇನು? ಎಂಥಾ ಮಂದೀನೋ ಏನೋ!"

"ನೀ ಸುಮ್ಮನಿರು ಹುಲಿಗೆಪ್ಪ. ಆಕಿ ಅಲ್ಲಿ ಓದಾಕ ಹೋಗ್ಯಾಳ, ನಿನ್ನ ಹೊಲಾ ಬಿತ್ತಾಕ ಅಲ್ಲ. ಹೌದವ್ವ, ಆ ಕಾಗದದಾಗ ಏನ್ ಬರದಾರ? ಓದು."

ಓದಿ ಹೇಳಿದೆ.

"ಹಂಗಂದ್ರ?"

"ಲಕ್ಷ್ಯ ಇಲ್ಲದ ಮಾಡೀನಿ ಅಂತ ಅಮ್ಮಾ. ಬೇಫಿಕರ್ ಇದ್ದೆ ಅಂತ."

ಅಮ್ಮ ಚಹಾದ ಬಸಿ ಕೆಳಗಿಟ್ಟಳು.

"ಕೇಳ ಇಲ್ಲಿ. ನಾಳೆಯಿಂದ ಬೂಟು ಹಾಕ್ಕೋ. ತಪ್ಪಾತು ಅನ್ನು. ಹತ್ತು ಸಲ ಅನ್ನು, ಅದರಾಗೇನ್ ನಾಚಿಕಿ ಇಲ್ಲ. ಆದ್ರ ಲಕ್ಷ್ಯ ಇರಲಿಲ್ಲ ಅಂತ ಸಹಿ ಹಾಕಬ್ಯಾಡ. ಲಕ್ಷ್ಯ ಇತ್ತು ಅಂತನ ನೀ ಬಿಚ್ಚೀದಿ."

"ಹಾಕದಿದ್ರ ಸೆಮಿಸ್ಟರ್ ಹೋಗ್ತೈತಿ ಅಮ್ಮಾ."

"ಹೋಗ್ಲಿ." ಅವಳು ಫೋನನ್ನು ಮುಖದ ಹತ್ತಿರ ತಂದುಕೊಂಡಳು. "ಒಮ್ಮಿ ನಾ ಆ ಮಾತು ನನ್ನ ಮ್ಯಾಲ ಹೊತ್ಕೊಂಡೀನಿ ಬೇಟಾ. ನಿನಗ ನೆನಪೈತೋ ಇಲ್ಲೋ. ನಂದಲ್ಲದ ಮಾತು. ಅದು ಇವತ್ತಿಗೂ ಎದ್ಯಾಗ ಚುಚ್ಚತೈತಿ. ನೀ ಹೊರಬ್ಯಾಡ."

ನೆನಪಿಲ್ಲವೇ! ಫೋನಿಟ್ಟು ಐದು ನಿಮಿಷ ಅತ್ತೆ. ಮುಖ ತೊಳೆದುಕೊಂಡು ಕೂತೆ. ಅಚ್ಚಾಗಿದ್ದ ಆ ಶಬ್ದದ ಮೇಲೆ ಗೆರೆ ಎಳೆದು, ಕೆಳಗೆ ನನ್ನ ಕೈಯಿಂದ ಬರೆದೆ: 'ನಿಯಮ ಮುರಿದದ್ದು ನಿಜ. ಕ್ಷಮೆ ಕೇಳುತ್ತೇನೆ. ಇನ್ನು ಮುಂದೆ ಬೂಟು ಬಿಚ್ಚುವುದಿಲ್ಲ. ಆದರೆ ಇದು ಅಜಾಗರೂಕತೆಯಲ್ಲ. ನಮ್ಮಲ್ಲಿ ಬಿತ್ತುವ ನೆಲಕ್ಕೆ ಪಾದರಕ್ಷೆ ಬಿಟ್ಟು ಇಳಿಯುತ್ತಾರೆ. ನನ್ನ ತಾಯಿ ಮೂವತ್ತು ವರ್ಷ ಹಾಗೆಯೇ ಬಿತ್ತಿದ್ದಾಳೆ. ನಾನು ಪೂರ್ತಿ ಲಕ್ಷ್ಯದಲ್ಲಿದ್ದೆ.' ಕೆಳಗೆ ಸಹಿ ಹಾಕಿದೆ. ನಾಹೀದಾ ರಾಜಾಸಾಬ ಎಂದು ಬಿಡಿಸಿ ಬಿಡಿಸಿ ಬರೆದೆ.

ಮಾರಿಕೆ ಎರಡು ಸಲ ಓದಿದರು. "ಇದನ್ನು ಒಪ್ಪುವುದು ಬಿಡುವುದು ನನ್ನ ಕೈಯಲ್ಲಿಲ್ಲ, ಸಮಿತಿಗೆ ಕೊಡುತ್ತೇನೆ" ಎಂದರು. ಆಮೇಲೆ ಕೇಳಿದರು, "ಬರಿಗಾಲಿಗೆ ಏನು ತಿಳಿಯುತ್ತದೆ?"

"ಮಣ್ಣಿನ ಹದ" ಎಂದೆ. "ಆ ಹೊಲದಲ್ಲಿ ಎಡಗಡೆ ತೇವ ಜಾಸ್ತಿ ಇದೆ" ಎಂದೂ ಜೋರಾಗಿ ಹೇಳಿಬಿಟ್ಟೆ.

ಅವರು ಮೀಟರ್ ತೆಗೆದುಕೊಂಡು ಹೋಗಿ ನೋಡಿಯೇಬಿಟ್ಟರು. ತೇವ ಎರಡೂ ಕಡೆ ಒಂದೇ ಇತ್ತು. ಆ ಚಳಿಗೆ ನನ್ನ ಪಾದ ಮರಗಟ್ಟಿ ಕೊರಡಾಗಿತ್ತು, ಅದಕ್ಕೆ ಏನು ತಿಳಿದೀತು? ಮಾರಿಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. "ನಮ್ಮ ಅಮ್ಮನ ಕಾಲಾಗಿದ್ದರೆ ತಪ್ಪುತ್ತಿರಲಿಲ್ಲ, ಮಾರಿಕೆ" ಎಂದೆ. ಅವರ ಹೆಸರು ಹಿಡಿದದ್ದು ಅದೇ ಮೊದಲು.

ಗುರುವಾರ ಬೆಳಿಗ್ಗೆ ಎಲ್ಲರೂ ಹೊಲಕ್ಕೆ ಹೋದರು. ನಾನು ಸಮಿತಿಯ ಕೋಣೆಯ ಹೊರಗೆ ಬೂಟು ಹಾಕಿಕೊಂಡು ಕೂತಿದ್ದೆ. ಹನ್ನೊಂದು ಗಂಟೆಗೆ ಮಾರಿಕೆ ಹೊರಗೆ ಬಂದರು. "ಗೆರೆ ಎಳೆದದ್ದು ಹಾಗೇ ಇರಲಿ ಎಂದಿದ್ದಾರೆ. ಬೇಗ ಬಾ, ಯಂತ್ರ ಕಾಯುತ್ತಿದೆ." ಆ ಬೂಟಿನಲ್ಲಿ ನಾನು ಓಡಿದ ಹಾಗೆ ಯಾರೂ ಓಡಿರಲಿಕ್ಕಿಲ್ಲ. ನೂರಕ್ಕೆ ಎಪ್ಪತ್ತೊಂದು ಬಂತು. ಮೊದಲ ಸ್ಥಾನವೇನೂ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಬ್ಬಾ ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ತೊಂಬತ್ತೊಂದು ಮಾಡಿದ್ದ.

ಜುಲೈನಲ್ಲಿ ಊರಿಗೆ ಬಂದೆ. ಅಮ್ಮ ಸರ್ಟಿಫಿಕೇಟ್ ಕೇಳಲಿಲ್ಲ. "ಆ ಕಾಗದ ತಂದೀಯೇನು?" ಎಂದಳು. ಅದರ ನಕಲನ್ನು ಓದಿ ಹೇಳಿದೆ. ಗೆರೆ ಎಳೆದ ಶಬ್ದ ಯಾವುದೆಂದು ನನ್ನನ್ನೇ ಕೇಳಿ, ಅದರ ಮೇಲೆ ಬೆರಳಾಡಿಸಿ, ಮಡಚಿ ಕುರಾನ್ ಇಡುವ ಗೂಡಿನ ಕೆಳಗಿನ ಟ್ರಂಕಿನಲ್ಲಿ ಇಟ್ಟಳು. ಆಮೇಲೆ ನನ್ನ ಬೂಟು ಕೇಳಿದಳು. ಅವಳಿಗೆ ಅದು ಒಂದು ಬೆರಳು ದೊಡ್ಡದು. ಮುಂದೆ ಹಳೆ ಸೀರೆಯ ಚೂರು ತುರುಕಿ ಹಾಕಿಕೊಂಡು ಸಂತೆಗೆ ಹೋಗಿಬಂದಳು. ಸೀರೆಯ ಕೆಳಗೆ ಆ ಬೂಟು! ನಕ್ಕವರಿಗೆ, "ನನ್ನ ಮಗಳು ಪರದೇಶದಾಗ ಹಾಕ್ಕೊಂಡು ಓದಿದ್ದು ಐತಿ ಇದು, ನಿಮಗೇನ್ ಗೊತ್ತು?" ಎಂದು ಝಾಡಿಸಿದಳಂತೆ.

ಸೆಪ್ಟೆಂಬರ್ ಕೊನೆಗೆ ಮಳೆ ಬಿದ್ದು ಹದ ಆಯಿತು. ಕಾಲೇಜಿಗೆ ರಜೆ ಹಾಕಿ ಬಾ ಎಂದು ಅಮ್ಮ ಫೋನ್ ಮಾಡಿದಳು. ಕಾಕಾನ ಹೊಲದವರೆಗೂ ಅವಳು ಬೂಟಿನಲ್ಲೇ ನಡೆದಳು. ಬದುವಿನ ಮೇಲೆ ಬಿಚ್ಚಿ ಜೋಡಿಯಾಗಿ ಇಟ್ಟಳು. ಅದರ ಪಕ್ಕ ನನ್ನ ಚಪ್ಪಲಿ ಬಿಟ್ಟೆ. ಕಾಕಾ ಕಾಯಿ ಒಡೆದು ಎತ್ತು ಹೂಡಿದ. ಅಮ್ಮ ಉಡಿಯಲ್ಲಿದ್ದ ಜೋಳವನ್ನೆಲ್ಲ ನನ್ನ ವೇಲಿನೊಳಗೆ ಸುರಿದು ಸೊಂಟಕ್ಕೆ ಬಿಗಿಯಾಗಿ ಕಟ್ಟಿದಳು.

"ಅಮ್ಮಾ, ಸಾಲು ತುಂಡಾದ್ರ?"

"ಆದ್ರ ಆಗ್ಲಿ. ನಡಿ, ಎತ್ತು ನಿಂತಾವ."

ಅವತ್ತು ಗಿಳಿ ಹಾರಿದವೋ ವಿಮಾನ ಹಾರಿತೋ ನಾನು ಕಾಣೆ. ಕಪ್ಪು ಮಣ್ಣು ಅಂಗಾಲಿಗೆ ತಂಪಾಗಿ ಹತ್ತುತ್ತಿತ್ತು, ಬೆರಳ ಸಂದಿಯಿಂದ ಕಾಳು ಇಳಿಯುತ್ತಿತ್ತು. ಸೂರ್ಯ ಇಳಿಯುವ ಹೊತ್ತಿಗೆ ಹೊಲ ಮುಗಿಯಿತು.

ಒಂಬತ್ತನೇ ದಿನ ಅಮ್ಮ, ಕಾಕಾ, ನಾನು ಮೂವರೂ ನೋಡಲು ಹೋದೆವು. ಅಮ್ಮ ಬೂಟು ಹಾಕಿಕೊಂಡು ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು. ಹೊಲದ ಆ ಕೊನೆಯ ತನಕ ಹಸಿರು ಸಾಲು ನೆಟ್ಟಗೆ ಹೋಗಿದ್ದವು. ನಡುವೆ ಒಂದು ಕಡೆ ಗೇಣಷ್ಟು ಜಾಗ ತೆಳ್ಳಗಾಗಿತ್ತು. ನನಗೆ ಕಂಡಿತು, ಅಮ್ಮನಿಗೆ ಕಾಣದಿರುತ್ತದೆಯೇ? ಅಷ್ಟರಲ್ಲಿ ಪಕ್ಕದ ಹೊಲದ ದುರಗಪ್ಪ ಬೈಕ್ ನಿಲ್ಲಿಸಿ, "ಅಬೇದಕ್ಕ, ಈ ಹೊಲಾ ಯಾರು ಬಿತ್ಯಾರ?" ಎಂದು ಕೂಗಿದ.

"ನಾಹೀದಾ ಬಿತ್ಯಾಳ, ನನ್ನ ಮಗಳು!" ಎಂದು ಅಮ್ಮ ದಾರಿಯ ಆಚೆಗೂ ಕೇಳುವ ಹಾಗೆ ಹೇಳಿದಳು. ಆಮೇಲೆ ಕೈ ಚಾಚಿ ತೋರಿಸಿದಳು. "ಅಗಾ ಅಲ್ಲಿ ನಡುವ ಒಂದು ಗೇಣು ತೆಳ್ಳಗಾಗೈತಿ ನೋಡು ದುರಗಪ್ಪ, ಅದೂ ಆಕಿದ."