ಒಳಗೋಡೆಗೆ ಹಿಡಿದು ಕೂತವು

ಹಡಪಸರದ ಶೈಲಾ ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ತಿರುಗಿ ಬರುವವರೆಗೆ ನೀರು ಮುಟ್ಟುತ್ತಿರಲಿಲ್ಲ. ಕ್ಯಾಂಪ್ ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿರಲಿಲ್ಲ. ಹಿಂದಿನ ಓಣಿಯಲ್ಲಿ ಒಂದಿತ್ತು. ಅದರ ಬಾಗಿಲಿಗೆ ಚಿಲಕವಿರಲಿಲ್ಲ. ನೀರು ಕುಡಿದರೆ ತಾನೇ ಈ ಫಜೀತಿ? ಅವಳು ಕುಡಿಯುವುದನ್ನೇ ಬಿಟ್ಟಿದ್ದಳು.

ಸಂಕ್ರಾಂತಿ ಆದ ಮೇಲೆ ಒಮ್ಮೆ ಉರಿಮೂತ್ರ ಶುರುವಾಯಿತು. ಹನಿ ಹನಿಯಾಗಿ ಬರುತ್ತಿತ್ತು, ಕೆಂಡದಂಥ ಉರಿ.

"ಉಷ್ಣ ಆಗೇದ, ತಗೋ," ಎಂದು ಅತ್ತೆ ರುದ್ರವ್ವ ಕೊತ್ತಂಬರಿ ಬೀಜ ನೆನೆಹಾಕಿದ ನೀರು ಕೊಟ್ಟಳು. ಶೈಲಾ ಔಷಧದ ಅಂಗಡಿಯಲ್ಲಿ ಕೇಳಿ ಒಂದಿಷ್ಟು ಗುಳಿಗೆ ತಂದಳು. ಎರಡು ನುಂಗುವಷ್ಟರಲ್ಲಿ ಉರಿ ನಿಂತಿತು. ಉಳಿದವು ಕಪಾಟಿನಲ್ಲಿ ಬಿದ್ದವು.

ಹೋಳಿಯ ಹೊತ್ತಿಗೆ ಮತ್ತೆ ಬಂತು. ಉಳಿದ ಗುಳಿಗೆ ನುಂಗಿದಳು, ಹೋಯಿತು. ಬಸವ ಜಯಂತಿಯ ಹಿಂದಿನ ದಿನ ಮತ್ತೆ. ಬರಬರುತ್ತ ಶೈಲಾಗೆ ಒಂದು ಸಂಶಯ ಶುರುವಾಯಿತು. ಇದು ಹೋಗಿ ಬರುತ್ತಿಲ್ಲ. ತನ್ನೊಳಗೇ ಎಲ್ಲೋ ಬಾಗಿಲು ಹಾಕಿಕೊಂಡು ಕೂತಿದೆ, ತಾನು ಮೈಮರೆತ ದಿನ ಎದ್ದು ಬರುತ್ತದೆ. ಒಬ್ಬಳೇ ಇದ್ದಾಗ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂರುವಳು, ಒಳಗಿನ ಸಪ್ಪಳ ಕೇಳಿಸಿಕೊಳ್ಳುವವಳ ಹಾಗೆ. ಗಂಡ ಶಿವರಾಜನಿಗೂ ಹೇಳಲಿಲ್ಲ. ಏನಂತ ಹೇಳುವುದು?

ಮೇ ತಿಂಗಳ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹೊರಗೆ ರಸ್ತೆ ಕಾದು ನಿಂತಿತ್ತು. ಸೀರೆ ಮಡಚುತ್ತಿದ್ದ ಶೈಲಾಗೆ ಇದ್ದಕ್ಕಿದ್ದಂತೆ ಚಳಿ ಹತ್ತಿತು. ಹಲ್ಲಿಗೆ ಹಲ್ಲು ಕಟಕಟ ಬಡಿಯಿತು. ಸೀರೆ ಉಡಿಸಿ ಸಾಲಾಗಿ ನಿಲ್ಲಿಸಿದ್ದ ಗೊಂಬೆಗಳೆಲ್ಲ ಮೆಲ್ಲಗೆ ತನ್ನ ಕಡೆ ಮುಖ ತಿರುಗಿಸಿದ ಹಾಗೆ ಕಂಡಿತು. ಜೊತೆಗೆ ಕೆಲಸ ಮಾಡುವ ಪ್ರೇಮಾವತಿ ಓಡಿ ಬಂದು ಹಿಡಿದಾಗ, ಶೈಲಾಳ ಮೈ ಕಾದ ಹೆಂಚಿನಂತಿತ್ತು. ಬಾಯಿ ಮಾತ್ರ "ಥಂಡಿ, ಥಂಡಿ" ಅನ್ನುತ್ತಿತ್ತು.

ರಿಕ್ಷಾದಲ್ಲಿ ಮನೆಗೆ ಕರೆತಂದರು. ಆ ನಡುಕ ನೋಡಿದ್ದೇ ರುದ್ರವ್ವನ ಮುಖ ಬಿಳಚಿತು. ಎದ್ದು ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿದಳು.

"ಇದು ಗಾಳಿ. ನಮ್ಮ ತಂಗಿ ಯಮನವ್ವಗೂ ಹಿಂಗ ಬಿಟ್ಟು ಬಿಟ್ಟು ನಡುಕ ಬರ್ತಿತ್ತು. ಬಸುರಿ ಇದ್ಲು. ಐದನೇ ದಿನಕ್ಕ ಹ್ವಾದ್ಲು," ಎಂದಳು. ಉಪ್ಪು, ಒಣಮೆಣಸಿನಕಾಯಿ ಇಳಿತೆಗೆದು ಒಲೆಯ ಮೇಲೆ ಸುಟ್ಟಳು. "ನೋಡು, ಒಂಚೂರೂ ಘಾಟು ಬರವಲ್ದು. ಭಾಳ ಜೋರ್ ಅದ ಇದು."

ಕತ್ತಲೆ ಕೋಣೆಯಲ್ಲಿ ಮಲಗಿದ್ದ ಶೈಲಾಗೆ, ಮುಂದಿನ ಐದನೇ ದಿನ ಯಾವ ವಾರ ಎಂದು ಎಣಿಸುವುದನ್ನು ನಿಲ್ಲಿಸಲಾಗಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮೇಲಿನ ಮಹಡಿಯ ಹರ್ಷದಾ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವಳು.

"ಅಯ್ಯಯ್ಯ, ಏನ್ರಿ ಅವ್ವಾರ ಇಷ್ಟು ಘಾಟು! ಮೂರು ಮಾಳಿಗಿಗೂ ಬಡದೈತಿ. ಕಿಟಕಿ ತಗೀರಿ ಮೊದಲ."

ಶೈಲಾಳ ಹಣೆ ಮುಟ್ಟಿದಳು. ಬೆನ್ನಿನ ಕೆಳಗೆ ಪಕ್ಕೆಯ ಹತ್ತಿರ ಮೆಲ್ಲಗೆ ಒತ್ತಿದಳು. ಶೈಲಾ ಚೀರಿದಳು.

"ಅಕ್ಕಾ, ಮೊದಲ ಉರಿಮೂತ್ರ ಇತ್ತೇನು? ನಾಚಬ್ಯಾಡ್ರಿ, ಹೇಳ್ರಿ."

ನಾಲ್ಕು ತಿಂಗಳ ಮಾತು ಆಗ ಹೊರಗೆ ಬಂತು.

"ಕಿಡ್ನಿಗೆ ಏರಿದ್ಹಂಗ ಕಾಣಸ್ತದ. ಈಗಿಂದೀಗ ದವಾಖಾನಿಗೆ ನಡೀರಿ."

"ಗಾಳಿಗೆ ದವಾಖಾನಿಯವ್ರು ಏನ್ ಮಾಡ್ತಾರ?" ರುದ್ರವ್ವ ಬಾಗಿಲಿಗೆ ಅಡ್ಡ ನಿಂತಳು.

"ಅವ್ವಾರ, ನೀವೂ ಬರ್ರಿ. ಅದು ಹೆಂಗ ಇರ್ತದ ಅಂತ ಕಣ್ಣಿಗೇ ತೋರಸ್ತೀನಿ."

ಶಿವರಾಜ ಕೆಲಸದಿಂದ ನೇರ ಹರ್ಷದಾಳ ಆಸ್ಪತ್ರೆಗೆ ಬಂದ. ಡಾಕ್ಟರು ಮೊದಲು ಮೂತ್ರ ಪರೀಕ್ಷೆಗೆ ಕಳಿಸಿ, ಆಮೇಲೆ ಸಲೈನು, ಇಂಜೆಕ್ಷನ್ನು ಶುರು ಮಾಡಿದರು. ಮೂರನೆಯ ದಿನ ಶೈಲಾ ಎದ್ದು ನಡೆಯುವಂತಾದಳು. ಆಗ ಹರ್ಷದಾ ಅತ್ತೆ ಸೊಸೆ ಇಬ್ಬರನ್ನೂ ಲ್ಯಾಬಿಗೆ ಕರೆದೊಯ್ದಳು. ಮೊದಲ ದಿನದ ಮೂತ್ರವನ್ನು ಗಾಜಿನ ಪಟ್ಟಿಯ ಮೇಲೆ ಒಣಗಿಸಿ, ಬಣ್ಣ ಹಾಕಿ ಇಟ್ಟಿದ್ದಳು. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು.

ಶೈಲಾ ಬಗ್ಗಿ ನೋಡಿದಳು. ಬೆಳಕಿನ ಒಂದು ದುಂಡನೆಯ ಬಾವಿ. ಅದರೊಳಗೆ ಹಾಲಿನ ಕೆನೆಯಂಥ ತೆಳ್ಳನೆಯ ತುಣುಕು. ಅದರ ಅಂಚಿನುದ್ದಕ್ಕೂ, ಮೈಮೇಲೂ, ಗುಲಾಬಿ ಬಣ್ಣದ ಸಣ್ಣ ಸಣ್ಣ ಕಡ್ಡಿಗಳು. ನೂರಾರು. ಒಂದೂ ಅಲುಗುತ್ತಿರಲಿಲ್ಲ.

ರುದ್ರವ್ವ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಜೀರಿಗಿ ಚೆಲ್ಲಿದಂಗ ಅದಲ್ಲ. ಏನ ಇವು?"

"ಬ್ಯಾಕ್ಟೀರಿಯಾ. ಆ ಕೆನಿಯಂಗ ಕಾಣೋದು ಶೈಲಕ್ಕನ ಮೂತ್ರಚೀಲದ ಒಳಗೋಡಿದು, ಒಂದು ಜೀವಕೋಶ."

"ಉಚ್ಚಿ ಹೊಯ್ದಾಗ ಕೊಚ್ಚಿಗೊಂಡು ಹೋಗಬೇಕಲ್ಲ?"

"ಅಲ್ಲೇ ಅದ ನೋಡ್ರಿ ಗುಟ್ಟು. ಇವಕ್ಕ ಮೈತುಂಬ ಕೂದಲಿನಂಥ ಎಳಿ ಇರ್ತಾವ, ಇದರಾಗೂ ಕಾಣಂಗಿಲ್ಲ ಅಷ್ಟು ಸಣ್ಣು. ಎಳಿ ತುದಿಗೆ ಕೊಂಡಿ. ಒಳಗೋಡಿ ಮ್ಯಾಲೆ ಒಂದ್ ನಮೂನಿ ಸಕ್ಕರಿ ಅಂಶ ಇರ್ತದ, ಕೊಂಡಿ ಅದಕ್ಕ ಸಿಗಬೀಳ್ತದ. ಮೂತ್ರ ಹರದು ಎಳದಷ್ಟೂ ಹಿಡಿತ ಬಿಗಿ ಆಗ್ತದ."

ಶೈಲಾ ಮತ್ತೊಮ್ಮೆ ಬಗ್ಗಿ ಆ ಕಡ್ಡಿಗಳನ್ನು ನೋಡಿದಳು.

"ಹಂಗಾರ ನೀರು ಕುಡದು ಏನ್ ಉಪಯೋಗ?" ರುದ್ರವ್ವ ಬಿಡಲಿಲ್ಲ.

"ಹಿಡದು ಕೂತಿದ್ದು ಸುಮ್ನ ಬಿಡಂಗಿಲ್ಲ, ಖರೆ. ಆದ್ರ ಇನ್ನಾ ಹಿಡಿಲಾರದ ತೇಲಾಡೋವು ಕೊಚ್ಚಿ ಹೋಗ್ತಾವ. ತಾಸುಗಟ್ಟಲೆ ತಡಕೊಂಡ್ರ, ಹಿಡಕೊಳ್ರೆಪಾ ಅಂತ ನಾವ ಟೈಮ್ ಕೊಟ್ಟಂಗ."

"ಆಮ್ಯಾಲ?"

"ಜೀವಕೋಶದ ಒಳಗ ಹೊಕ್ಕೋತಾವ. ಅಲ್ಲಿ ಸುಮ್ನ ಕೂಡತಾವ. ಉರಿ ಇಲ್ಲ, ನೋವಿಲ್ಲ. ನಾವು ಆರಾಮಾತು ಅಂತ ಗುಳಿಗಿ ಬಿಡ್ತೀವಿ. ವಾರಕ್ಕೋ ತಿಂಗಳಿಗೋ ಹೊರಗ ಬರ್ತಾವ."

ಶೈಲಾ ಕಿಬ್ಬೊಟ್ಟೆ ಮುಟ್ಟಿಕೊಂಡಳು. ಇಷ್ಟು ದಿನ ಅವಳಿಗೆ ಅನ್ನಿಸಿದ್ದು ಸುಳ್ಳಾಗಿರಲಿಲ್ಲ.

ರುದ್ರವ್ವ ಸ್ಟೂಲು ಎಳೆದುಕೊಂಡು ಕೂತಳು. "ಯಮನವ್ವ ಉರಿ ಆಗ್ತದ ಅಂತಿದ್ಲು. ಉಷ್ಣ ಅಂತ ನಾನ ಅಂದಿದ್ದೆ."

ಹರ್ಷದಾ ಅವಳ ಹೆಗಲ ಮೇಲೆ ಕೈಯಿಟ್ಟಳು. "ಅವರಿಗೆ ಏನಾಗಿತ್ತೋ ಈಗ ಹೇಳಾಕ ಬರಂಗಿಲ್ರಿ. ಬಸುರ್‍ಯಾರಿಗೆ ಇದು ಭಾಳ ಕೆಟ್ಟದ್ದು, ಅಷ್ಟು ಖರೆ."

ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧ ನಾಟುತ್ತದೆ ಎಂದು ನೋಡುವ ಕಲ್ಚರ್ ರಿಪೋರ್ಟೂ ಅದೇ ದಿನ ಬಂತು. ಶೈಲಾ ತಾನಾಗಿ ತಂದು ಅರ್ಧಕ್ಕೇ ಬಿಡುತ್ತಿದ್ದ ಗುಳಿಗೆ ಈ ಬ್ಯಾಕ್ಟೀರಿಯಾಕ್ಕೆ ಈಗ ನಾಟುತ್ತಿರಲಿಲ್ಲ. ಡಾಕ್ಟರು ಬೇರೆ ಔಷಧ ಬರೆದರು. ಒಂದು ಹೊತ್ತೂ ತಪ್ಪಿಸದೆ ಮುಗಿಸಬೇಕೆಂದರು. ಶಿವರಾಜ ದಿನಾ ಎದುರಿಗೆ ನಿಂತು ಕೊಟ್ಟ. ಕೆಲಸಕ್ಕೆ ಮರಳಿದ ಮೇಲೆ ಶೈಲಾ ಮತ್ತು ಪ್ರೇಮಾವತಿ ಮಾಲೀಕರ ಮುಂದೆ ನಿಂತು ಮಾತಾಡಿದರು. ಮಾಲೀಕರು ತಲೆ ಕೆಳಗೆ ಹಾಕಿ, ಮೇಲಿನ ಮಹಡಿಯಲ್ಲಿ ತಮಗಷ್ಟೇ ಎಂದು ಬೀಗ ಹಾಕಿಟ್ಟಿದ್ದ ಶೌಚಾಲಯದ ಕೀಲಿಯನ್ನು ಹೆಣ್ಣುಮಕ್ಕಳಿಗೇ ಕೊಟ್ಟರು. ಮಳೆಗಾಲ ಕಳೆಯಿತು. ಉರಿ ಮತ್ತೆ ಬರಲಿಲ್ಲ.

ಒಂದು ಬೆಳಿಗ್ಗೆ ಹರ್ಷದಾ ಡ್ಯೂಟಿಗೆ ಹೊರಟಿದ್ದಾಗ ರುದ್ರವ್ವ ಮೆಟ್ಟಿಲ ಬಳಿ ತಡೆದಳು. ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದಳು: "ನನಗೂ ಒಂದು ಬಾಟ್ಲಿ ತಂದುಕೊಡವಾ, ತಪಾಸಣಿಗೆ. ಉರಿ ಸುರುವಾಗಿ ಭಾಳ ವರ್ಷ ಆತು. ಯಾರ ಮುಂದೂ ಹೇಳಿಲ್ಲ."

ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಶೈಲಾ ಹೊರಗೆ ಬಂದು ಅತ್ತೆಯ ಕೈ ಹಿಡಿದುಕೊಂಡಳು.

ಇದನ್ನು ಕೇಳುತ್ತಿರುವ ಅವ್ವಂದಿರೆ, ಅಕ್ಕತಂಗಿಯರೆ, ನಿಮ್ಮಲ್ಲೂ ಯಾರೋ ಒಬ್ಬರು ಈ ಹೊತ್ತು ತಡೆದುಕೊಂಡು ಕೂತಿರಬಹುದು. ಎದ್ದು ಹೋಗಿ ಬನ್ನಿ, ನಾವು ಕಾಯುತ್ತೇವೆ. ದಿನಕ್ಕೆ ಬೇಕಾದಷ್ಟು ನೀರು ಕುಡಿಯಿರಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಉರಿಮೂತ್ರ ಬಂದರೆ ಕಪಾಟಿನ ಹಳೇ ಗುಳಿಗೆ ಹುಡುಕಬೇಡಿ. ಮೂತ್ರ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟು ದಿನ ಔಷಧ ಮುಗಿಸಿ. ಬಸುರಿಯಾಗಿದ್ದರೆ ಸ್ವಲ್ಪ ಉರಿಯನ್ನೂ ಕಡೆಗಣಿಸಬೇಡಿ. ಚಳಿಜ್ವರ ಬಂದು ಬೆನ್ನಿನ ಪಕ್ಕೆ ನೋಯುತ್ತಿದ್ದರೆ ನಾಳೆ ಎನ್ನದೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.